ಹುಣಸೆಗೆ ಹೋಗದ ಬಣ್ಣ

"ನಾನೇನು ನಾಯೇನಕ್ಕಾ, ದಿನಾ ಬೆಳಗಾದ್ರೆ ಮೂಳೆ ಚೀಪೋಕೆ?"

ಸೀತಾರಾಮಪ್ಪ ಕಂಚಿನ ಬಟ್ಟಲನ್ನು ಎರಡು ಬೆರಳಲ್ಲಿ ತಳ್ಳಿದ. ಒಳಗಿದ್ದ ಕಾಲಿನ ಸಾರು ತುಳುಕಿ ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಿತು.

"ನಾಯಿ ಆಗಿದ್ರೆ ಮಾತಾಡ್ದೆ ತಿಂತಿತ್ತು ಕಣ್ಲಾ," ಎಂದಳು ಅವನ ಅಕ್ಕ ಚೌಡಕ್ಕ, ಬಟ್ಟಲನ್ನು ಮತ್ತೆ ಅವನ ಮುಂದಕ್ಕೆ ನೂಕುತ್ತ. "ಬಾಲಾನೂ ಅಲ್ಲಾಡಿಸ್ತಿತ್ತು."

"ಇದಕ್ಕೆ ಬಾಲ ಬೇರೆ ಕೇಡು. ಕುರಿಕಾಲು ಬಿಸಿನೀರಲ್ಲಿ ಅದ್ದಿ ತೆಗೆದ್ರೆ ಸಾರಾಯ್ತದಾ? ಉಪ್ಪಿಲ್ಲ, ಖಾರ ಇಲ್ಲ. ಸಾಕು ಅಕ್ಕಾ, ಇನ್ನು ಸಾಕು."

"ಖಾರ ನಿನ್ನ ಬಾಯಾಗೇ ಐತಲ್ಲ. ಸುಮ್ಕೆ ಕುಡಿ."

ಕಲ್ಯಾಣದುರ್ಗದ ಆ ಮನೆಯಲ್ಲಿ ಈ ಜಗಳಕ್ಕೆ ಅಂದು ಒಂಬತ್ತನೇ ದಿನ. ಚೌಡಕ್ಕನ ಗಂಡ ಪೆದ್ದಪ್ಪ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ. ಹೆಂಡತಿಯ ದನಿ, ಬಾಮೈದನ ದನಿ ಏರಿದಾಗಲೆಲ್ಲ ಅವನು ಲಾಳಿಯನ್ನು ಒಂದಿಷ್ಟು ಜೋರಾಗಿ ಎಸೆಯುತ್ತಿದ್ದ. ಅದಕ್ಕಿಂತ ಹೆಚ್ಚಿನ ಅಭಿಪ್ರಾಯವನ್ನು ಅವನು ಮೂವತ್ತು ವರ್ಷದ ಸಂಸಾರದಲ್ಲಿ ಯಾವತ್ತೂ ಹೇಳಿದವನಲ್ಲ.

ಅಕ್ಕ ತಮ್ಮ ಇಬ್ಬರೂ ಹಿಂದೂಪುರದ ಬಣ್ಣದ ಮನೆಯಲ್ಲಿ ಹುಟ್ಟಿದವರು. ಮುದಿರೆಡ್ಡಿಪಲ್ಲಿಯ ನೇಕಾರರು ತಂದುಕೊಟ್ಟ ರೇಷ್ಮೆ ನೂಲನ್ನು ಬಾನಿಯಲ್ಲಿ ಅದ್ದಿ ಬಣ್ಣ ಹಾಕಿ ಕೊಡುವುದು ಅವರ ಅಪ್ಪನ ಕಸುಬು. ಮಗಳಿಗೆ ಕಣ್ಣು ಕೊಟ್ಟೆ, ಮಗನಿಗೆ ಬಾಯಿ ಕೊಟ್ಟೆ ಎಂದು ಆ ಮುದುಕ ನಗುತ್ತಿದ್ದ. ಕಣ್ಣಿದ್ದ ಮಗಳು ಮದುವೆಯಾಗಿ ಕಲ್ಯಾಣದುರ್ಗಕ್ಕೆ ಬಂದಳು. ಬಾಯಿದ್ದ ಮಗ ಬಾನಿಯ ಮುಂದೆ ನಿಂತ. ನಿಂತು ನಿಂತು ಅವನೂ ಒಳ್ಳೆಯ ಕಸುಬುದಾರನೇ ಆದ ಎನ್ನಿ. ಆದರೆ ಚೌಡಕ್ಕ ಮಾತ್ರ ಇಷ್ಟು ವರ್ಷವಾದರೂ ಅದನ್ನು ಅವನ ಎದುರು ಒಪ್ಪಿಕೊಂಡಿರಲಿಲ್ಲ.

ಅವನಿಗೆ ಕಾಯಿಲೆ ಶುರುವಾದದ್ದು ಎರಡು ವರ್ಷದ ಹಿಂದೆ, ಅರವತ್ತನೇ ಇಸವಿಯಲ್ಲಿ. ಮುಖ ಕೆಂಪಗಾಗುತ್ತ ಬಂತು. ಯಾರೂ ಗಮನಿಸಲಿಲ್ಲ. ಮಾತೆತ್ತಿದರೆ ಸಿಡುಕುವವನ ಮುಖ ಕೆಂಪಗಿದ್ದರೆ ಅದನ್ನು ಯಾರು ತಾನೆ ಕಾಯಿಲೆ ಎನ್ನುತ್ತಾರೆ? ಆಮೇಲೆ ಕಣ್ಣೂ ಕೆಂಪಾಯಿತು. ತಲೆ ಸಿಡಿಯತೊಡಗಿತು. ಬಿಸಿನೀರು ಸ್ನಾನ ಮಾಡಿದರೆ ಮೈಯೆಲ್ಲ ನವೆ ಎದ್ದು, ಒಂದು ಗಂಟೆ ಹೊತ್ತು ಗೋಡೆಗೆ ಬೆನ್ನು ಉಜ್ಜಿಕೊಂಡು ನಿಲ್ಲುತ್ತಿದ್ದ. ಅವನ ಹೆಂಡತಿ ಬನಶಂಕರಮ್ಮ, ನಮ್ಮ ಯಜಮಾನರಿಗೆ ಸಿಟ್ಟು ಬಂದಿದೆಯೋ ಇಲ್ಲವೋ ಈಗ ಗೊತ್ತೇ ಆಗುವುದಿಲ್ಲ ಎಂದು ನಾದಿನಿಗೆ ಕಾಗದ ಬರೆದಿದ್ದಳು. ಕೊನೆಗೆ ಊರಿನ ಡಾಕ್ಟರು ಅವನನ್ನು ರೈಲು ಹತ್ತಿಸಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ಹೇಳಿದ್ದು ಇಷ್ಟು. ಮೂಳೆಯೊಳಗೆ ಮಜ್ಜೆ ಇರುತ್ತದೆ, ರಕ್ತ ತಯಾರಾಗುವುದು ಅಲ್ಲೇ. ಸೀತಾರಾಮಪ್ಪನ ಮಜ್ಜೆ ಹಗಲು ರಾತ್ರಿ ಎನ್ನದೆ ರಕ್ತದ ಕಣ ತಯಾರಿಸಿ ಸುರಿಯುತ್ತಿದೆ, ನಿಲ್ಲಿಸು ಎಂದರೆ ನಿಲ್ಲಿಸುತ್ತಿಲ್ಲ. ಕ್ಯಾನ್ಸರಿನ ದಾಯಾದಿ ಇದು, ಬಿಟ್ಟರೆ ರಕ್ತ ಗಟ್ಟಿಯಾಗಿ ಎಲ್ಲಿಯಾದರೂ ಕಟ್ಟಿಕೊಳ್ಳುತ್ತದೆ. ಮೊದಲು ಎರಡು ಸೀಸೆ ರಕ್ತ ತೆಗೆದರು. ಅಷ್ಟು ತೆಗೆದರೂ ನಾನು ನಡೆದೇ ಹೋದೆ ಎಂದು ಅವನು ಊರಲ್ಲೆಲ್ಲ ಹೇಳಿಕೊಂಡ. ಅದು ಸಾಲದಾದಾಗ ಕಿರಣ ಸೂಸುವ ರಂಜಕದ ನೀರು ಕುಡಿಸಿದರು. ರಂಜಕ ಹೋಗಿ ಮೂಳೆಯಲ್ಲಿ ಕೂರುತ್ತದೆ, ಅದರ ಕಿರಣ ಮಜ್ಜೆಯ ಆವೇಶವನ್ನು ಇಳಿಸುತ್ತದೆ ಎಂಬುದು ಅವರ ಲೆಕ್ಕ.

ಆ ದಿನದ ಕಥೆಯನ್ನು ಚೌಡಕ್ಕ ಈ ಎಂಟು ದಿನದಲ್ಲಿ ಹನ್ನೆರಡು ಸಲ ಕೇಳಿದ್ದಳು. ಡಾಕ್ಟರು ಸೀಸದ ಇಟ್ಟಿಗೆಗಳ ಹಿಂದೆ ನಿಂತಿದ್ದನಂತೆ. ಕೈಗೆ ಗವಸು ತೊಟ್ಟು, ಉದ್ದನೆಯ ಇಕ್ಕಳದಲ್ಲಿ ಸಣ್ಣ ಗಾಜಿನ ಲೋಟ ಹಿಡಿದು ಮುಂದೆ ಚಾಚಿದನಂತೆ. ಕೊಡುವವನು ಇಕ್ಕಳದಲ್ಲಿ ಹಿಡಿಯಬೇಕು, ಕುಡಿಯುವವನು ನಾಲಿಗೆಯಲ್ಲಿ ಹಿಡಿಯಬೇಕು, ಇದು ಯಾವ ಊರ ನ್ಯಾಯ ಎಂದು ಸೀತಾರಾಮಪ್ಪ ಅಲ್ಲೇ ಕೇಳಿದನಂತೆ. ಡಾಕ್ಟರು ನಕ್ಕು, ನೀವು ಒಂದು ಸಲ ಕುಡೀತೀರಿ, ನಾನು ದಿನಾ ಹಿಡೀತೀನಿ ಎಂದನಂತೆ. ಆ ಮಾತು ಸರಿಯಾಗಿತ್ತು. ಸರಿಯಾಗಿದ್ದುದಕ್ಕೇ ಸೀತಾರಾಮಪ್ಪನಿಗೆ ಇನ್ನೂ ಸಿಟ್ಟು.

ಅದಾದ ಮೇಲೆ ವಾರಕ್ಕೊಂದು ಸಲ ಬಂದು ರಕ್ತ ತೋರಿಸಬೇಕು, ಹನ್ನೆರಡು ವಾರ, ಒಂದೂ ತಪ್ಪಬಾರದು ಎಂದು ಒಂದು ಕಾರ್ಡು ಕೊಟ್ಟರು. ನಾಲ್ಕು ವಾರ ಹೋದ. ಮುಖದ ಕೆಂಪು ಇಳಿಯಿತು, ನವೆ ನಿಂತಿತು. ನಾಲ್ಕನೇ ವಾರ ಡಾಕ್ಟರು ಕಾರ್ಡು ನೋಡಿ ಹುಬ್ಬು ಗಂಟಿಕ್ಕಿ, ಮಜ್ಜೆ ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸೋತಿದೆ, ಮುಂದಿನ ವಾರ ಬರದೇ ಇರಬೇಡಿ ಎಂದರು. ಸೀತಾರಾಮಪ್ಪ ಬರದೇ ಇದ್ದ. ಬಣ್ಣ ಬಂದ ಮೇಲೆ ನೂಲು ಮೇಲೆತ್ತಿ ಕೋಲಿಗೆ ಹಾಕುವುದು ಬಿಟ್ಟು ಬಾನಿಯನ್ನೇ ನೋಡುತ್ತ ಕೂರುವವನು ಕಸುಬುದಾರನಲ್ಲ ಎಂಬುದು ಅವನ ವಾದ.

ಇಷ್ಟರಲ್ಲಿ ಬನಶಂಕರಮ್ಮನ ಇನ್ನೊಂದು ಕಾಗದ ಬಂತು. ಮಜ್ಜೆ ಸೋತಿದೆಯಂತೆ, ಮನೆಯವರು ಆಸ್ಪತ್ರೆಗೆ ಹೋಗಲು ಒಲ್ಲೆ ಅನ್ನುತ್ತಾರೆ, ನೀವಾದರೂ ಹೇಳಿ ಎಂದು. ಇಲ್ಲಿ ಚೌಡಕ್ಕ ಮಾಡಿದ ಕೆಲಸ ಒಂದಿದೆ. ಸೋತ ಮಜ್ಜೆಗೆ ಮಜ್ಜೆಯೇ ಮದ್ದು ಎಂದು ಅವಳು ಒಂದೇ ಗಳಿಗೆಯಲ್ಲಿ ತೀರ್ಮಾನಿಸಿಬಿಟ್ಟಳು. ಬಾಣಂತಿಗೆ, ಮೂಳೆ ಮುರಿದವನಿಗೆ, ಜ್ವರ ಬಿಟ್ಟೆದ್ದವನಿಗೆ ಆ ಸೀಮೆಯಲ್ಲಿ ಕುರಿಯ ಕಾಲಿನ ಸಾರು ಕೊಡುವುದು ಯಾವತ್ತಿನಿಂದಲೂ ಇದ್ದದ್ದೇ. ಕುಂದುರ್ಪಿ ಕಡೆಯ ಕುರಿ, ಸಂತೆಯ ದಿನ ಬೇಕಾದಷ್ಟು ಕಾಲು ಸಿಗುತ್ತವೆ, ತಮ್ಮನನ್ನು ಇಲ್ಲಿಗೆ ಕಳಿಸು, ಹದಿನೈದು ದಿನದಲ್ಲಿ ಮೂಳೆ ತುಂಬಿಸಿ ಕಳಿಸುತ್ತೇನೆ ಎಂದು ಬರೆದಳು. ಬೆಂಗಳೂರಿಗೆ ಹೋಗು ಎಂದರೆ ಹರಿಹಾಯುತ್ತಿದ್ದ ಸೀತಾರಾಮಪ್ಪ, ಅಕ್ಕನ ಮನೆಗೆ ಹೋಗು ಎಂದಾಗ ಮರುಮಾತಿಲ್ಲದೆ ಚೀಲ ಹಿಡಿದು ಬಸ್ಸು ಹತ್ತಿದ. ಅವನು ಅಷ್ಟು ಸುಲಭಕ್ಕೆ ಒಪ್ಪಿದ್ದು ಚೌಡಕ್ಕನಿಗೆ ಹೆಮ್ಮೆ ತಂದಿತ್ತು. ಅನುಮಾನ ಬರಬೇಕಾಗಿತ್ತು, ಬರಲಿಲ್ಲ.

ಬಂದವನು ಬಾಗಿಲಲ್ಲಿ ನಿಂತಾಗ ಅವಳಿಗೆ ಗುರುತೇ ಹತ್ತಿರಲಿಲ್ಲ. ಕೆಂಪು ಮುಖ ಹೋಗಿ, ಅಂಟು ತೆಗೆದು ಬಣ್ಣ ಹಾಕುವ ಮೊದಲಿನ ರೇಷ್ಮೆ ನೂಲಿನ ಹಾಗೆ ಬಿಳಿಚಿಕೊಂಡಿದ್ದ. ಏನೋ, ಬಣ್ಣದವನ ಮಗ ಸುಣ್ಣದವನ ಹಾಗೆ ಬಂದಿದ್ದೀಯ ಎಂದು ಅವಳು ನಕ್ಕಿದ್ದಳು. ಮೊಣಕೈವರೆಗೂ ಊದಾ ಚುಕ್ಕೆಗಳಿದ್ದವು. ಕೇಳಿದ್ದಕ್ಕೆ, ಈ ವರ್ಷ ಎಲ್ಲರಿಗೂ ಬದನೆಕಾಯಿ ಬಣ್ಣದ ಸೆರಗೇ ಬೇಕು, ಬಾನಿ ಕದಡಿ ಕದಡಿ ಹಾರಿದ್ದು ಎಂದಿದ್ದ. ಬಣ್ಣದವನ ಕೈಯಲ್ಲಿ ಬಣ್ಣ ಇರದೆ ಇನ್ನೇನಿರುತ್ತದೆ? ಅವಳು ಅಲ್ಲಿಗೇ ಬಿಟ್ಟಿದ್ದಳು. ಅವರಪ್ಪನ ಕೈಯೂ ಸಾಯುವತನಕ ಮೂರು ಬಣ್ಣದಲ್ಲೇ ಇತ್ತು.

ಎಂಟು ದಿನ ಹೀಗೇ ಕಳೆಯಿತು. ಬೆಳಿಗ್ಗೆ ಸಾರು, ಸಂಜೆ ಸಾರು, ನಡುವೆ ಜಗಳ. ಎಂಟು ದಿನದಲ್ಲಿ ಐದು ಸಲ ಅವನು ಹೆಗಲಿಗೆ ಟವಲು ಎಸೆದುಕೊಂಡು, ಇನ್ನು ಈ ಮನೆ ಹೊಸ್ತಿಲು ತುಳಿದರೆ ಕೇಳು ಎಂದು ಹೊರಟು ಹೋಗಿದ್ದ. ಐದು ಸಲವೂ ಮುದ್ದೆ ಆರುವ ಮೊದಲು ವಾಪಸು ಬಂದು ಗೋಡೆ ಕಡೆ ಮುಖ ಮಾಡಿ ಉಂಡಿದ್ದ. ಪಕ್ಕದ ಮನೆ ನಾಗಕ್ಕ, ನಿಮ್ಮ ತಮ್ಮ ಹೊರಟರೆ ಸಾಕು ನಾನೂ ಒಲೆಗೆ ಎಸರು ಇಡ್ತೀನಿ, ಗಡಿಯಾರವೇ ಬೇಡ ಎಂದಿದ್ದಳು.

ಈ ಒಂಬತ್ತನೇ ದಿನ ಬಟ್ಟಲು ಅತ್ತಿಂದಿತ್ತ ಮೂರು ಸಲ ಹೋಗಿ ಬಂತು. ನಾಲ್ಕನೇ ಸಲ ತಳ್ಳುವಾಗ ಸೀತಾರಾಮಪ್ಪನ ಅಂಗಿಯ ತೋಳು ಮೇಲೆ ಸರಿಯಿತು. ಮೊಣಕೈಯಿಂದ ಮೇಲೆ, ರಟ್ಟೆಯವರೆಗೂ, ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಚೌಡಕ್ಕನ ಕೈ ಬಟ್ಟಲಿನ ಮೇಲೇ ನಿಂತಿತು.

ಬಾನಿಯ ಮುಂದೆ ಯಾರೂ ಪೂರ್ತಿ ತೋಳಿನ ಅಂಗಿ ತೊಟ್ಟು ನಿಲ್ಲುವುದಿಲ್ಲ, ರಟ್ಟೆಗೆ ಹಾರಿರಬಹುದು, ಅದೇನೋ ಸರಿ. ಆದರೆ ಅವನು ಬಾನಿ ಬಿಟ್ಟು ಒಂಬತ್ತು ದಿನವಾಗಿತ್ತು. ಮೊದಲ ದಿನ ಮೊಣಕೈವರೆಗಿದ್ದದ್ದು ಈಗ ರಟ್ಟೆಗೆ ಹತ್ತಿತ್ತು. ಬಾನಿ ಹಿಂದೂಪುರದಲ್ಲಿ, ಕೈ ಕಲ್ಯಾಣದುರ್ಗದಲ್ಲಿ. ಬಣ್ಣ ಹಾರುವುದಾದರೂ ಎಷ್ಟು ದೂರ ಹಾರುತ್ತದೆ?

ಏನಕ್ಕಾ ಹಾಗೆ ನೋಡ್ತೀಯ ಎಂದು ಅವನು ತೋಳು ಎಳೆದುಕೊಂಡ. ಅವಳು ಎದ್ದು ಒಳಗೆ ಹೋದಳು. ಅವನೇ ಹಿಂದೂಪುರದಿಂದ ತಂದುಕೊಟ್ಟಿದ್ದ ಹುಣಸೆಹಣ್ಣಿನ ಉಂಡೆಯಿಂದ ನಿಂಬೆಗಾತ್ರ ಮುರಿದು, ನೀರಲ್ಲಿ ಕಿವುಚಿ, ಕಲ್ಲುಪ್ಪು ಬೆರೆಸಿ ತಂದಳು. ಬಣ್ಣದ ಮನೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ಹಬ್ಬ ಬಂದರೆ ಅವರಪ್ಪ ಎಲ್ಲರ ಕೈಗೂ ಹುಣಸೆ ಹಚ್ಚಿ ತಿಕ್ಕುತ್ತಿದ್ದ. ಯಾವ ಡಬ್ಬಿಯ ಬಣ್ಣವಾದರೂ ಅರ್ಧಕ್ಕರ್ಧ ಇಳಿಯಲೇಬೇಕು.

ಕೈ ಕೊಡು ಎಂದಳು. ಅವನು ಕೊಡಲಿಲ್ಲ. ಅವಳು ಎಳೆದುಕೊಂಡಳು. ಐವತ್ತು ವರ್ಷದ ಗಂಡಸು ಐವತ್ತನಾಲ್ಕು ವರ್ಷದ ಅಕ್ಕನ ಮುಂದೆ ಚಕ್ಕಂಬಕ್ಕಳ ಹಾಕಿಕೊಂಡು ಕೂತು ತೋಳು ತಿಕ್ಕಿಸಿಕೊಂಡ. ಮೆಲ್ಲಗೆ ಉಜ್ಜು, ತಪ್ಪಲೆ ಅಲ್ಲ ಇದು ಎಂದು ಗೊಣಗಿದ. ತಪ್ಪಲೆ ಆಗಿದ್ದರೆ ಇಷ್ಟು ಸದ್ದು ಮಾಡುತ್ತಿರಲಿಲ್ಲ ಎಂದಳು ಅವಳು. ಅವಳು ಮತ್ತಷ್ಟು ಒತ್ತಿ ತಿಕ್ಕಿದಳು. ಹುಣಸೆನೀರು ಅವಳ ಬೆರಳ ಸಂದಿಯಿಂದ ಕಂದಾಗಿಯೇ ಇಳಿಯುತ್ತಿತ್ತು. ಊದಾ ಬಣ್ಣದ ಸುಳಿವಿಲ್ಲ. ಚುಕ್ಕೆ ಒಂದೂ ಅಲುಗಲಿಲ್ಲ. ಬದಲಿಗೆ ಅವಳು ಒತ್ತಿ ತಿಕ್ಕಿದ ಕಡೆ ಹೊಸದಾಗಿ ನಾಲ್ಕು ಎದ್ದವು.

ಅವಳು ಅವನನ್ನು ರಟ್ಟೆ ಹಿಡಿದು ಎಬ್ಬಿಸಿ ಬಾಗಿಲಿಗೆ ಕರೆತಂದಳು. ಬಣ್ಣ ನೋಡುವುದಿದ್ದರೆ ಬಾಗಿಲ ಬೆಳಕಿನಲ್ಲೇ ನೋಡಬೇಕು, ಅದೂ ಅಪ್ಪನ ಮಾತೇ. ಮೊಣಕೈಯ ಹಿಂದೆ ಅಂಗೈ ಅಗಲ ಒಂದು ಕಲೆ ಇತ್ತು. ನಡುವೆ ಇನ್ನೂ ಊದಾ. ಸುತ್ತ ಪಾಚಿಯಂಥ ಹಸಿರು. ಅಂಚಿನಲ್ಲಿ ಸಾಸಿವೆ ಹೂವಿನ ಹಳದಿ. ಅವಳು ಅದರ ಮೇಲೆ ಬೆರಳಿಟ್ಟಳು.

"ಯಾವ ಡಬ್ಬಿ ಇದು ಸೀತಾರಾಮ? ಬದನೆಕಾಯಿ ಹಾಕಿದ್ದು ಹಸಿರಾಗಿ, ಹಸಿರು ಹೋಗಿ ಹಳದಿ ಆಗೋ ಬಣ್ಣ ಯಾವ ಅಂಗಡೀಲಿ ತಂದೆ? ಹೇಳು, ನಾನೂ ತರುಸ್ತೀನಿ."

ಅವನು ಕತ್ತು ತಿರುಗಿಸಿ ತನ್ನ ಮೊಣಕೈ ನೋಡಿಕೊಂಡ. ಮಗ್ಗದ ಸದ್ದು ನಿಂತಿತು. ಪೆದ್ದಪ್ಪ ಲಾಳಿಯನ್ನು ಕೈಯಲ್ಲೇ ಹಿಡಿದು ಇತ್ತ ನೋಡುತ್ತಿದ್ದ.

ಉತ್ತರ ತೋಚದಿದ್ದಾಗ ಸೀತಾರಾಮಪ್ಪ ಮಾಡುವ ಕೆಲಸ ಒಂದೇ, ಸೊಂಟದ ಎಲೆಚೀಲ ಬಿಚ್ಚುವುದು. ಬಿಚ್ಚಿದ. ಚೌಡಕ್ಕ ಅದನ್ನು ಕಿತ್ತುಕೊಂಡಳು. ಎಂಟು ದಿನದಿಂದ ಅಂಗಳದ ಮೂಲೆಯಲ್ಲಿ ಅವನು ಉಗುಳಿದ್ದನ್ನೆಲ್ಲ ಅವಳೇ ನೀರು ಹಾಕಿ ತೊಳೆದಿದ್ದಳು. ಎಲೆಯಡಿಕೆ ಹಾಕುವವನು ಕೆಂಪಗೆ ಉಗುಳುತ್ತಾನೆ, ಅದರಲ್ಲಿ ನೋಡುವುದೇನಿದೆ? ಈಗ ಒಂದು ಚೊಂಬು ನೀರು ಕೊಟ್ಟು, ಬಾಯಿ ಮೂರು ಸಲ ಮುಕ್ಕಳಿಸಿ ಆಮೇಲೆ ಈ ಬೂದಿಯ ಮೇಲೆ ಉಗುಳು ಎಂದಳು. ಎಂಥ ಅಸಹ್ಯ ಅಕ್ಕಾ ಎಂದು ಅವನು ಬೈದ. ಬೈಯುತ್ತಲೇ ಮುಕ್ಕಳಿಸಿದ. ಒಲೆಯ ಬಿಳಿ ಬೂದಿಯ ಮೇಲೆ ಬಿದ್ದದ್ದು ಕೆಂಪಗೇ ಇತ್ತು. ಎಲೆಯಿಲ್ಲ, ಸುಣ್ಣವಿಲ್ಲ, ಬರೀ ಕೆಂಪು.

ಅವಳು ಒಳಗೆ ಹೋಗಿ ಗೋಡೆಯ ಕನ್ನಡಿಯ ಹಿಂದಿನಿಂದ ಕಾರ್ಡು ತೆಗೆದಳು. ಎರಡನೇ ದಿನ ಅವನ ಅಂಗಿ ಒಗೆಯುವಾಗ ಜೇಬಿನಲ್ಲಿ ಸಿಕ್ಕಿದ್ದನ್ನು ಅವಳೇ ಅಲ್ಲಿ ಸಿಕ್ಕಿಸಿದ್ದಳು. ಮುಂಭಾಗ ಇಂಗ್ಲಿಷಿನಲ್ಲಿತ್ತು, ಹಿಂಭಾಗವೂ ಇಂಗ್ಲಿಷೇ ಇರಬೇಕೆಂದು ತಿರುಗಿಸಿಯೂ ನೋಡಿರಲಿಲ್ಲ. ಈಗ ತಿರುಗಿಸಿದಳು. ಯಾರೋ ನರ್ಸಮ್ಮ ಗುಂಡಗೆ ಕನ್ನಡದಲ್ಲಿ ಬರೆದಿದ್ದಳು. ಚೌಡಕ್ಕ ಊರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಮೈಮೇಲೆ ಚುಕ್ಕೆ ಅಥವಾ ನೀಲಿ ಕಲೆ, ವಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ಜ್ವರ, ಇದರಲ್ಲಿ ಯಾವುದೊಂದು ಕಂಡರೂ ವಾರ ಕಾಯಬಾರದು, ಅಂದೇ ಹೊರಟು ಬರಬೇಕು.

ಓದಿ ಮುಗಿಸಿ ಅವಳು ಗೋಡೆಗೊರಗಿ ಕೂತಳು. ಒಲೆಯ ಮೇಲೆ ನಾಲ್ಕು ಕುರಿಕಾಲು ಇನ್ನೂ ಕುದಿಯುತ್ತಿದ್ದವು. ಒಂಬತ್ತು ದಿನ. ಅಂದೇ ಹೊರಡಬೇಕಾದವನನ್ನು ಅವಳು ಒಂಬತ್ತು ದಿನ ಸಾರಿನ ಮುಂದೆ ಕಟ್ಟಿ ಹಾಕಿದ್ದಳು. ಬೀದಿಯವರಿಗೆಲ್ಲ ಹೇಳಿಕೊಂಡಿದ್ದೂ ಆಗಿತ್ತು, ಬೆಂಗಳೂರಿನ ಡಾಕ್ಟರ ಕೈಲಾಗದ್ದನ್ನು ನಾನು ಮಾಡುತ್ತೇನೆ ಎಂದು.

"ನಂದೇ ತಪ್ಪು ಕಣ್ಲಾ," ಎಂದಳು. "ಬಾ ಅಂದಿದ್ದೇ ತಪ್ಪಾಯ್ತು."

ಅಕ್ಕ ತಪ್ಪೊಪ್ಪಿಕೊಂಡದ್ದನ್ನು ಸೀತಾರಾಮಪ್ಪ ಹುಟ್ಟಿದಾಗಿನಿಂದ ಕಂಡವನಲ್ಲ. ಬೇರೆ ದಿನವಾಗಿದ್ದರೆ ಬೀದಿಗೆಲ್ಲ ಸಾರಿಕೊಂಡು ಬರುತ್ತಿದ್ದ. ಈಗ ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ನಿಂದಲ್ಲಕ್ಕಾ. ನಂಗೊತ್ತಿತ್ತು."

"ಏನು ಗೊತ್ತಿತ್ತು?"

"ಬದನೆಕಾಯಿ ಬಣ್ಣ ಹಾಕಿ ತಿಂಗಳ ಮೇಲಾಯ್ತು. ಆಮೇಲೆ ಹಾಕಿದ್ದೆಲ್ಲ ಗಿಳಿಹಸಿರು."

ಚೌಡಕ್ಕ ಅವನ ಮುಖ ನೋಡಿದಳು. ಬೆಂಗಳೂರಿಗೆ ಹೋಗು ಎಂದರೆ ಹಾರಿಬೀಳುತ್ತಿದ್ದವನು ಕಲ್ಯಾಣದುರ್ಗಕ್ಕೆ ಯಾಕೆ ತೆಪ್ಪಗೆ ಬಂದ ಎಂಬುದು ಅವಳಿಗೆ ಆಗ ತಿಳಿಯಿತು. ಕಾಲಿನ ಸಾರು ಏನನ್ನೂ ಕೇಳುವುದಿಲ್ಲ. ಸೂಜಿ ಚುಚ್ಚಿ ನೋಡಿ, ಹುಬ್ಬು ಗಂಟಿಕ್ಕುವುದಿಲ್ಲ.

ಅವನು ತನ್ನ ಅಂಗೈಗಳನ್ನೇ ನೋಡುತ್ತ ಮೆಲ್ಲಗೆ ಹೇಳಿದ. "ನೀನೇ ಹೇಳಕ್ಕಾ. ಒಂದ್ಸಲ ಹಿಡಿದ ಬಣ್ಣ ಬಿಡುಸೋಕಾಯ್ತದಾ? ಮೈಮೇಲಾದ್ರೆ ಹುಣಸೆ ಹಚ್ಚಬೋದು. ಅವ್ರು ಮೂಳೆಗೇ ಹಾಕ್ಬುಟ್ಟವ್ರೆ. ಈಗ ಹೋಗಿ ತೆಗೀರಪ್ಪ ಅಂದ್ರೆ ಎಲ್ಲಿಂದ ತೆಗೀತಾರೆ?"

ಕಸುಬಿನವನ ಪ್ರಶ್ನೆ ಅದು, ಸುಳ್ಳು ಸಮಾಧಾನಕ್ಕೆ ಬಗ್ಗುವಂಥದಲ್ಲ. ಅವಳು ಹಳೆಯದೊಂದನ್ನು ನೆನಪಿಸಿದಳು. ಅಪ್ಪ ಒಂದು ಸಲ ಮದುವೆ ಸೀರೆಯ ನೀಲಿ ನೂಲನ್ನು, ಗಾಳಿ ತಾಗಿ ಬಣ್ಣ ಏರುವ ಮೊದಲು ಒದ್ದೆಯಲ್ಲೇ ನೋಡಿ ಇನ್ನೂ ತಿಳಿ ಎಂದುಕೊಂಡು ಮತ್ತೆ ಅದ್ದಿಬಿಟ್ಟಿದ್ದ. ಆರಿದ ಮೇಲೆ ನೋಡಿದರೆ ಕಾಡಿಗೆ. ಒದ್ದೆ ನೂಲಿನಲ್ಲಿ ಬಣ್ಣ ಹೇಳಬಾರದು ಎಂದು ಅವನು ಮಕ್ಕಳಿಗೆ ಬೆತ್ತದಲ್ಲಿ ಕಲಿಸಿದ್ದು ಆಮೇಲೆ. ಆ ನೂಲನ್ನು ಅಪ್ಪ ಬಿಸಾಡಲಿಲ್ಲ. ಕಾಲುವೆಯ ಹರಿಯುವ ನೀರಿಗೆ ಇಳಿಬಿಟ್ಟು ಮೂರು ದಿನ ದಡದಲ್ಲೇ ಕೂತಿದ್ದ, ಗಳಿಗೆಗೊಂದು ಸಲ ತಿರುವಿ ಹಾಕುತ್ತ.

"ಬಣ್ಣ ತೆಗೆಯೋಕಲ್ಲ ಅಪ್ಪ ಕೂತಿದ್ದು," ಎಂದಳು. "ನೂಲು ಕೊಳೀದಿರ್ಲಿ ಅಂತ. ನೀನು ನಾಲ್ಕನೇ ವಾರಕ್ಕೆ ಒದ್ದೆ ನೂಲು ನೋಡಿ ಬಣ್ಣ ಬಂತು ಅಂತ ಎದ್ದು ಬಂದ್ಬುಟ್ಟೆ. ಅವ್ರು ದಡದಾಗೆ ಇನ್ನೂ ಕೂತವ್ರೆ ಕಣ್ಲಾ, ನೀನು ಬತ್ತೀಯ ಅಂತ."

ಆ ನೂಲು ಕೊನೆಗೆ ಏನಾಯಿತು ಎಂಬುದು ಅವಳಿಗೆ ನೆನಪಿರಲಿಲ್ಲ. ಅವನು ಕೇಳಲೂ ಇಲ್ಲ.

ಈಗ ಹೋದರೆ ಆಸ್ಪತ್ರೆಯವರು ಏನು ಮಾಡುತ್ತಾರಂತೆ ಎಂದು ಪೆದ್ದಪ್ಪ ಗುಣಿಯಿಂದಲೇ ಕೇಳಿದ. ಸೀತಾರಾಮಪ್ಪ ಮೂಗು ಮುರಿದ. ನರ್ಸಮ್ಮ ಮೊದಲೇ ಹೇಳಿದ್ದಳಂತೆ, ರಕ್ತ ತೀರ ಇಳಿದರೆ ಬೇರೆಯವರ ರಕ್ತ ಸೀಸೆಯಲ್ಲಿ ಹಾಕುತ್ತೇವೆ, ಮಜ್ಜೆ ಮತ್ತೆ ಏಳುವತನಕ ಮಲಗಿಸಿ ಕಾಯುತ್ತೇವೆ, ಬಹಳ ಜನಕ್ಕೆ ಏಳುತ್ತದೆ ಎಂದು. ತೆಗೆದವರೂ ಅವರೇ ಹಾಕುವವರೂ ಅವರೇ, ನನ್ನ ರಕ್ತವನ್ನೇ ಒಂದು ಮೂಲೆಯಲ್ಲಿ ಇಟ್ಟಿದ್ದರೆ ಈಗ ಬರುತ್ತಿರಲಿಲ್ಲವೇ ಎಂದು ಅವನು ರೇಗಿದ. ಅವನ ದನಿ ಮತ್ತೆ ಏರಿದ್ದು ಕೇಳಿ ಚೌಡಕ್ಕನ ಎದೆ ಸ್ವಲ್ಪ ಹಗುರಾಯಿತು.

ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಚೌಡಕ್ಕ ಸುಮ್ಮನಿರುವ ಹೆಂಗಸಲ್ಲ. ಮೂರು ಗಂಟೆಗೆ ಪೆನುಕೊಂಡ, ಸೋಮಂದೇಪಲ್ಲಿ ಮೇಲೆ ಹಿಂದೂಪುರಕ್ಕೆ ಹೋಗುವ ಬಸ್ಸಿದೆ, ಇಬ್ಬರೂ ಹೊರಡೋಣ, ನಾಳೆ ಬೆಳಗಿನ ರೈಲು ಹಿಡಿಯೋಣ ಎಂದು ಎದ್ದು ನಿಂತಳು. ಸೀರೆ ಒಂದನ್ನು ಮಡಚಿದಳು. ರೊಟ್ಟಿ ಕಟ್ಟಿಕೊಳ್ಳುತ್ತೇನೆ ಎಂದಳು. ಆಸ್ಪತ್ರೆಯಲ್ಲಿ ನೀನು ಬಾಯಿ ಬಿಡಬೇಡ, ನಾನೇ ಎಲ್ಲ ಹೇಳುತ್ತೇನೆ, ಆ ಇಕ್ಕಳದ ಡಾಕ್ಟರನ್ನೂ ಎರಡು ಮಾತು ಕೇಳುತ್ತೇನೆ ಎಂದಳು. ಸಾರು ಹಿಡಿಕೆಯ ಡಬ್ಬಿಯಲ್ಲಿ ಹಾಕಿಕೊಳ್ಳಲೇ ಎಂದೂ ಅಂದಳು.

ಸೀತಾರಾಮಪ್ಪನ ಬಿಳಿಚಿದ ಮುಖಕ್ಕೆ ಎಲ್ಲಿತ್ತೋ ಅಷ್ಟು ಕೆಂಪು ಬಂತು. ಹಳೆಯ ಕೆಂಪಲ್ಲ, ತೊಳೆದು ತೊಳೆದು ಉಳಿದ ಕೆಂಪು. ಆದರೂ ಕೆಂಪೇ.

"ಬೆಂಗ್ಳೂರು ಆಸ್ಪತ್ರೆ ನಡುಮನೇಲಿ ನಿನ್ನ ಸೆರಗು ಹಿಡ್ಕೊಂಡು ನಿಂತ್ಕೊಳ್ಲಾ ನಾನು? ಡಾಕ್ಟ್ರಿಗೂ ಸಾರು ಕುಡುಸ್ತೀಯ ನೀನು. ನಿಂತಲ್ಲೇ ಕುಡುಸ್ತೀಯ."

"ಕುಡುಸ್ತೀನಿ. ನಿನ್ನಂಥೋನಿಗೆ ಮದ್ದು ಕೊಡೋಕೆ ಅವ್ನಿಗೂ ಕಸುವು ಬೇಕಲ್ಲ."

"ಇನ್ನು ಈ ಮನೆ ಹೊಸ್ತಿಲು ತುಳಿದ್ರೆ ಕೇಳು."

"ಮುದ್ದೆ ಆಗೋ ಹೊತ್ತಿಗೆ ಬಾ. ತಡ ಮಾಡಿದ್ರೆ ಬಸ್ಸು ತಪ್ತದೆ."

ಅವನು ಕನ್ನಡಿಯ ಮುಂದೆ ನಿಂತು ಟವಲು ಸರಿಮಾಡಿಕೊಂಡು, ಭಾವನ ಕಡೆಗೂ ನೋಡದೆ ಹೊರಟುಹೋದ. ಆರನೇ ಸಲ. ಪೆದ್ದಪ್ಪ ಮತ್ತೆ ಲಾಳಿ ಎಸೆದ. ಪಕ್ಕದ ಮನೆಯಲ್ಲಿ ನಾಗಕ್ಕ ಒಲೆ ಊದುವ ಸದ್ದು ಕೇಳಿಸಿತು.

ಚೌಡಕ್ಕ ಎಸರಿಟ್ಟಳು, ಹಿಟ್ಟು ಹಾಕಿ ತೊಳಸಿದಳು, ಮೂರು ಮುದ್ದೆ ಕಟ್ಟಿದಳು. ರೊಟ್ಟಿ ಬಡಿದು ಬಟ್ಟೆಯಲ್ಲಿ ಸುತ್ತಿದಳು. ಚೀಲದಲ್ಲಿ ಅವನ ಎರಡು ಪಂಚೆ, ತನ್ನ ಒಂದು ಸೀರೆ ತುಂಬಿದಳು. ಗಂಡನಿಗೆ ಬಡಿಸಿದಳು. ಗಂಡ ಉಂಡು ಎದ್ದ. ಬಾಗಿಲ ಕಡೆ ಎರಡು ಸಲ ಹೋಗಿ ಬಂದಳು. ತಮ್ಮನ ಮುದ್ದೆಯ ಮೇಲೆ ತೆಳ್ಳಗೆ ಪರೆ ಕಟ್ಟಿತು. ಅಷ್ಟು ಹೊತ್ತು ಅವನು ಯಾವತ್ತೂ ತಡ ಮಾಡಿರಲಿಲ್ಲ.

ಕಾರ್ಡನ್ನು ಮರೆಯದೆ ಚೀಲಕ್ಕೆ ಹಾಕಬೇಕೆಂದು ಕನ್ನಡಿಯ ಹತ್ತಿರ ಹೋದಳು. ಓದಿದ ಮೇಲೆ ಅವಳು ಅದನ್ನು ಮತ್ತೆ ಅಲ್ಲೇ ಸಿಕ್ಕಿಸಿದ್ದಳು, ಅದು ಚೆನ್ನಾಗಿ ನೆನಪಿತ್ತು. ಹಿಂದೆ ಕೈ ಹಾಕಿದಳು. ಗೋಡೆ ಸಿಕ್ಕಿತು. ಕನ್ನಡಿಯನ್ನೇ ಮೊಳೆಯಿಂದ ಕೆಳಗಿಳಿಸಿ ನೋಡಿದಳು. ಕಾರ್ಡಿರಲಿಲ್ಲ. ಎಲೆಚೀಲ ಮಾತ್ರ ಅವಳು ಕಿತ್ತುಕೊಂಡು ಇಟ್ಟ ಗೂಡಿನಲ್ಲೇ ಇತ್ತು.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರನ್ ಎರಡು ಸಲ ಕೇಳಿಸಿತು. ಮೂರು ಗಂಟೆಯ ಬಸ್ಸು ಹೊರಡುವ ಮೊದಲು ಯಾವತ್ತೂ ಹಾಗೆ ಎರಡು ಸಲ ಕೂಗುತ್ತದೆ.

ಪೆದ್ದಪ್ಪ ಗೂಟದ ಮೇಲಿದ್ದ ಅಂಗಿ ತೆಗೆದು ತೋಳು ಹಾಕಿಕೊಳ್ಳುತ್ತ, ಓಡಿ ಹೋಗಿ ನೋಡಿ ಬರಲೇ ಎಂದ. ಆ ಮನೆಯಲ್ಲಿ ಅವನು ಓಡುವ ಮಾತಾಡಿದ್ದು ಅದೇ ಮೊದಲು.

"ಬ್ಯಾಡ," ಎಂದಳು ಚೌಡಕ್ಕ. "ನೀವು ಕಂಡ್ರೆ ಹಟಕ್ಕೆ ಇಳಿದ್ಬುಡ್ತಾನೆ. ಪೋಸ್ಟಾಫೀಸಿಗೆ ಹೋಗಿ. ಬನಶಂಕರಿಗೆ ಒಂದು ತಂತಿ ಕೊಡಿ, ಬಸ್ಸು ಬರೋ ಹೊತ್ತಿಗೆ ನಿಂತಿರ್ಲಿ, ಬೆಳಗಿನ ರೈಲಿಗೆ ಜೊತೇಲಿ ಹತ್ಲಿ. ನಾವು ಹೇಳಿದ್ವಿ ಅಂತ ಮಾತ್ರ ಅನ್ಬಾರ್ದು."

ಅವನು ಹೋದ. ಅವಳು ಒಲೆಯಿಂದ ಕೊಳ್ಳಿ ಹೊರಗೆಳೆದು ಬೂದಿ ಮುಚ್ಚಿದಳು. ಕಂಚಿನ ಬಟ್ಟಲು ಬೆಳಿಗ್ಗೆ ಇಟ್ಟಲ್ಲೇ ಇತ್ತು. ಸಾರಿನ ಮೇಲೆ ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತ್ತು. ಅದನ್ನು ಎತ್ತಲು ಕೈ ಹಾಕಿದವಳು ಹಾಗೇ ಬಿಟ್ಟು ಹೊಸ್ತಿಲ ಮೇಲೆ ಬಂದು ಕೂತಳು. ಸೂರ್ಯ ಇಳಿದು ದೀಪ ಹಚ್ಚುವ ಹೊತ್ತಾದರೂ ಬೀದಿಯ ತುದಿಯಿಂದ ಹೆಗಲ ಮೇಲೆ ಟವಲು ಹಾಕಿಕೊಂಡ ಯಾರೂ ಬರಲಿಲ್ಲ. ನಾಗಕ್ಕ ಎರಡು ಸಲ ಇಣುಕಿ ನೋಡಿ, ನಿಮ್ಮ ಗಡಿಯಾರ ಯಾಕೋ ಇವತ್ತು ನಿಂತಿದೆಯಲ್ಲ ಎಂದಳು. ಚೌಡಕ್ಕ ಎದ್ದು ಬಾಗಿಲನ್ನು ಇನ್ನಷ್ಟು ತೆರೆದಿಟ್ಟಳು.